ಬಂಬ ಕೊಟ್ಟು ತಂದ ಗೀಜರ್

“ಗ್ಯಾರಂಟಿ ಅಂತ ಸಿಕ್ಕಾ ಹೊಡ್ದು ಕೊಟ್ಟೀರಿ. ಈಗ ನಿಮ್ಮ ನೀರು ಸವಳದ ಅಂತೀರಿ. ಮಾರೋ ಮುಂದ ಬಸವಕಲ್ಯಾಣದಾಗ ಗಂಗಾ ಹರಿತಾಳಂತ ತಿಳ್ಕೊಂಡಿದ್ರೇನು? ಸುಳ್ಳ ಹೇಳಿ ಹೊಟ್ಟಿ ಹೊರಿಯೋ ಮಂದಿ.”

ಹುಮನಾಬಾದಿನ ಗುರುನಾಥನ ಅಂಗಡಿಯಲ್ಲಿ ನಿಂತು ನಾನು ಹೀಗೆ ಒದರುತ್ತಿದ್ದೆ. ನಮ್ಮ ಮನೆಯ ಗೀಜರ್ ಅವನ ಟೇಬಲ್ಲಿನ ಮೇಲೆ ಹೊಟ್ಟೆ ಬಿಚ್ಚಿಕೊಂಡು ಮಲಗಿತ್ತು.

“ಕಲ್ಲಿನಾಥಣ್ಣ, ಬೈರಿ, ಆದ್ರ ಸ್ವಲ್ಪ ಸಾವಕಾಶ ಬೈರಿ. ಬಂದ ಗಿರಾಕಿ ಹೊಳ್ಳಿ ಹೊಂಟಾರ,” ಎಂದ ಗುರುನಾಥ. “ಇದರ ಒಳಗಿನ ನೀರಿನ ಟಾಕಿನೇ ಸೀಳ್ಯದ. ಮತ್ತ ಕಾಯಿಲ್ ಹಾಕಿಸಿದ್ರ ಆ ರೊಕ್ಕನೂ ದಂಡ. ಹೊಸಾದು ಒಯ್ರಿ.”

“ಎಷ್ಟು?”

“ಒಂಬತ್ತು ಸಾವಿರ. ನಿಮಗಂತ ಎಂಟೂವರಿ.”

ಹಳೆಯದನ್ನು ದೀಪಾವಳಿಯ ಹೊತ್ತಿಗೆ ಕೊಡುವಾಗಲೂ ಅವನು ‘ನಿಮಗಂತ’ ಎಂದೇ ಹೇಳಿದ್ದ. ಚಳಿಗಾಲ ಅರ್ಧ ಕಳೆಯುವುದರೊಳಗೆ ಅದರ ಕಾಯಿಲ್ ಎರಡು ಸಲ ಸುಟ್ಟಿತು. ಮೊದಲ ಸಲ ರಿಪೇರಿಗೆ ಬಂದ ಮೊಹಿನುದ್ದೀನ್ ನೀರಿನ ಉಪ್ಪು ಎಂದ. ಎರಡನೆಯ ಸಲ ಕರೆಂಟ್ ಜಾಸ್ತಿ ಬಂದಿರಬೇಕು ಎಂದ. ಪಕ್ಕದ ಮನೆಯ ಮಚ್ಚೇಂದ್ರ ಗೀಜರೇ ಡುಪ್ಲಿಕೇಟ್ ಎಂದ. ನನ್ನ ಹೆಂಡತಿ ಸರಿತಾ ಯಾರದೋ ದೃಷ್ಟಿ ಎಂದಳು. ಯಾರ ಮಾತು ಹಿಡಿಯಬೇಕೋ ತಿಳಿಯದೆ ನಾನು ಎಲ್ಲರನ್ನೂ ಬೈದೆ, ಆಮೇಲೆ ಎಲ್ಲರ ಮಾತಿಗೂ ಸ್ವಲ್ಪ ಸ್ವಲ್ಪ ರೊಕ್ಕ ಸುರಿದೆ. ಉಪ್ಪಿಗೆ ಫಿಲ್ಟರ್, ಕರೆಂಟಿಗೆ ಸ್ಟೆಬಿಲೈಜರ್, ದೃಷ್ಟಿಗೆ ನಿಂಬೆಹಣ್ಣು. ಈಗ ಇವನು ಟಾಕಿ ಎನ್ನುತ್ತಿದ್ದಾನೆ.

ನನಗೇನು ಗೀಜರ್ ಬೇಕಾಗಿರಲಿಲ್ಲ. ಎಮ್ಮೆ ಸಾಕಿ ಹಾಲು ಮಾರುವವನು, ತಣ್ಣೀರು ಸುರಿದುಕೊಂಡೇ ಬೆಳೆದವನು. ಅದು ಅವ್ವನಿಗೆ. ಅವ್ವ ಧೂಳಮ್ಮ ಮುಡಬಿಯಲ್ಲಿ ನನ್ನ ತಮ್ಮ ಧರ್ಮೇಂದ್ರನ ಹತ್ತಿರ ಇದ್ದಳು. ಹಿರಿಯ ಮಗನಿದ್ದೂ ತಾಯಿ ಕಿರಿಯನ ಮನೆಯಲ್ಲಿ ಉಣ್ಣುತ್ತಾಳೆಂದು ಮಂದಿ ಆಡಿಕೊಳ್ಳುತ್ತಿದ್ದರು, ನನ್ನನ್ನಲ್ಲ, ಸರಿತಾಳನ್ನು. ಎಷ್ಟು ಸಲ ಕರೆದರೂ ಅವ್ವ ಒಂದೇ ಮಾತು ಹೇಳುತ್ತಿದ್ದಳು: “ಇಲ್ಲಿ ಸಣ್ಣ ಸೊಸಿ ಒಲಿ ಹಚ್ಚಿ ನೀರು ಕಾಸಿ ಕೊಡ್ತಾಳ. ನಿನ್ನ ಹೆಂಡ್ತಿಗಿ ಹೊಗಿ ಆಗಂಗಿಲ್ಲ, ನನ್ನ ಮೊಣಕಾಲು ಬಗ್ಗಂಗಿಲ್ಲ. ಅಲ್ಲಿ ನನಗ ಬಿಸಿನೀರು ಯಾರು ಕೊಡ್ತಾರ?” ನಾನು ಕೊಡುತ್ತೇನೆ ಎಂದು ಗೀಜರ್ ಹಾಕಿಸಿದೆ. ಬಂದಳು. ಮುಂಜಾನೆಯ ಬಿಸಿನೀರು ತಪ್ಪಿದರೆ ಅವಳು ಮುಡಬಿಯ ದಾರಿ ಹಿಡಿಯುತ್ತಾಳೆಂದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು.

ಬರುವಾಗ ನೀರು ಕಾಸುವ ತನ್ನ ತಾಮ್ರದ ಬಂಬವನ್ನೂ ಟಂಟಂ ಆಟೋದಲ್ಲಿ ಹೇರಿಕೊಂಡು ಬಂದಿದ್ದಳು. ನಡುವೆ ಬೆಂಕಿಯ ಕೊಳವೆ, ಸುತ್ತಲೂ ನೀರು, ಕೆಳಗೆ ಬೂದಿ. ಮದುವೆಯಲ್ಲಿ ತವರಿನವರು ಕೊಟ್ಟದ್ದು. ಇಲ್ಲಿ ಅದಕ್ಕೆ ಕೆಲಸವಿಲ್ಲದೆ ಎಮ್ಮೆಗಳ ಕೊಟ್ಟಿಗೆಯಲ್ಲಿ ಗೋಣಿಚೀಲ ಹೊದ್ದು ಕೂತಿತ್ತು. ಜಗಳದ ನಡುವೆ ಆ ಬಂಬದ ಮಾತು ನನ್ನ ಬಾಯಿಂದ ಬಿತ್ತು.

ಗುರುನಾಥನ ಮುಖ ಅರಳಿತು. “ತಾಂಬ್ರದ್ದೇನ್ರಿ? ತರ್ರಲ್ಲ. ತೂಕಕ್ಕ ಹಿಡ್ಕೋತೀನಿ. ಗೀಜರ್ ನಿಮಗ ಅರ್ಧಕ್ಕಿಂತ ಕಮ್ಮಿ ಬೀಳ್ತದ.”

ಮರುದಿನ ಅವ್ವ ಗುಡಿಗೆ ಹೋದಾಗ ಬಂಬ ಹುಮನಾಬಾದಿಗೆ ಹೋಯಿತು. ಹೊಸ ಗೀಜರ್ ಬಸವಕಲ್ಯಾಣಕ್ಕೆ ಬಂತು. ಅವ್ವನ ನೀರಿಗಾಗಿ ಅವ್ವನ ಬಂಬ, ಇದರಲ್ಲಿ ತಪ್ಪೇನಿದೆ ಎಂದು ಬಸ್ಸಿನಲ್ಲಿ ದಾರಿಯುದ್ದಕ್ಕೂ ನನ್ನೊಂದಿಗೇ ವಾದ ಮಾಡಿದೆ. ಮೊಹಿನುದ್ದೀನ್ ಸಂಜೆಯೊಳಗೆ ಅದನ್ನು ಬಚ್ಚಲಿನ ಗೋಡೆಗೆ ಕೂಡಿಸಿ ಹೋದ.

ಮಾರನೆಯ ಮುಂಜಾನೆ ಸ್ವಿಚ್ ಹಾಕಿ ಹಾಲು ಹಿಂಡಲು ಕೂತಿದ್ದೆ. ಬಚ್ಚಲಿನ ಕಡೆಯಿಂದ ಸುಟ್ಟ ವಾಸನೆ. ಓಡಿ ಹೋಗಿ ಆರಿಸಿದೆ. ಮೊಹಿನುದ್ದೀನನಿಗೆ ಫೋನ್ ಮಾಡಿ ಅವನ ಏಳು ತಲೆಮಾರನ್ನೂ ಮಾತಾಡಿಸಿದೆ. ಪಾಪ, ಬಂದ.

ಗೀಜರಿನ ಕೆಳಗೆ ಕೈ ಹಾಕಿ ನೋಡಿ ಅವನು ನನ್ನ ಕಡೆ ತಿರುಗಿದ. “ಅಣ್ಣಾ, ಟಾಕಿ ಖಾಲಿ ಅದ. ಒಳಗ ನೀರು ಬರೋ ವಾಲ್ ಬಂದ್ ಅದ. ನೀವು ಖಾಲಿ ಟಾಕಿಗಿ ಕರೆಂಟ್ ಕೊಟ್ಟೀರಿ. ನಸೀಬು ಚಲೋ ಅದ, ಕಾಯಿಲ್ ಇನ್ನಾ ಸತ್ತಿಲ್ಲ.”

“ವಾಲ್ ಯಾವ ಸೂಳಿಮಗ ಬಂದ್ ಮಾಡ್ದ?”

“ನಾ ಮಾಡೀನಿ,” ಎಂದಳು ಅವ್ವ, ಬಾಗಿಲಲ್ಲಿ ನಿಂತು. “ದಿನಾ ಮಾಡ್ತೀನಿ. ಸಂಜಿಗಿ ವಾಲ್ ಬಂದ್ ಮಾಡಿ, ಕೆಳಗಿನ ಸಣ್ಣ ನಳ ಬಿಚ್ಚಿ, ಒಳಗಿನ ನೀರು ಎಮ್ಮಿಗಿ ಹಾಕ್ತೀನಿ. ಮುಂಜಾನಿ ಎದ್ದು ತಾಜಾ ನೀರು ಬಿಡ್ತೀನಿ. ರಾತ್ರಿ ನಿಂತಿದ್ದು ತಂಗಳು. ತಂಗಳು ನೀರು ಮೈಮ್ಯಾಲ ಹಾಕ್ಕೋತಾರೇನು? ಬಂಬನೂ ನಾ ದಿನಾ ಸಂಜಿಗಿ ಬೋರಲ ಹಾಕ್ತಿದ್ದೆ.”

“ನಿಂಗ ಇದೆಲ್ಲಾ ಯಾರು ಕಲಿಸಿದ್ರು?”

ಅವ್ವ ಮೊಹಿನುದ್ದೀನನ ಕಡೆ ಗದ್ದ ಎತ್ತಿದಳು.

“ಆಯೀ, ನಾ ತಿಂಗಳಿಗೊಮ್ಮಿ ಅಂದಿದ್ದೆ. ಉಪ್ಪು ಕೂಡಬಾರ್ದಂತ.”

“ತಿಂಗಳತನ ನೀರು ನಿಲ್ಲಿಸ್ತಾರೇನು? ನಿಮ್ಮ ಮನ್ಯಾಗ ನಿಲ್ಲಿಸ್ತೀರೇನು?”

ಅವ್ವ ಏಳುವ ಹೊತ್ತಿಗೆ ನೀರು ಕಾದಿರಲಿ ಎಂದು ಸ್ವಿಚ್ ಹಾಕುತ್ತಿದ್ದವನು ನಾನು. ಅವಳು ನನಗಿಂತ ಮೊದಲು ಎದ್ದ ದಿನ ನೀರು ಕಾಯುತ್ತಿತ್ತು, ನಾನು ಮೊದಲು ಎದ್ದ ದಿನ ಕಾಯಿಲ್ ಕಾಯುತ್ತಿತ್ತು. ಹಾಗಾದರೆ ಸುಟ್ಟವರು ಯಾರು? ಅವಳೋ, ನಾನೋ? ಉಪ್ಪು, ಕರೆಂಟ್, ಟಾಕಿ, ದೃಷ್ಟಿ ಇವೆಲ್ಲ ಎಲ್ಲಿ ಹೋದವು? ತಿಳಿಯದಾದಾಗ ನನಗೆ ಬರುವುದು ಒಂದೇ ವಿದ್ಯೆ. ಒದರಿದೆ.

“ಒಂದು ಗೀಜರ್, ಎರಡು ಕಾಯಿಲ್, ಫಿಲ್ಟರ್, ಸ್ಟೆಬಿಲೈಜರ್. ಮತ್ತೊಂದು ಗೀಜರ್. ನಿನ್ನ ಎರಡು ಬಕೀಟು ನೀರಿಗಿ ನನ್ನ ಒಂದು ಎಮ್ಮಿನೇ ಮಾರಿದಂಗಾತು. ಇಷ್ಟು ರೊಕ್ಕದಾಗ ನಿನ್ನ ದಿನಾ ಕಾರಿನಾಗ ಮುಡಬಿಗಿ ಒಯ್ದು ಜಳಕಾ ಮಾಡಿಸ್ಕೊಂಡು ಬರ್ತಿದ್ದೆ.”

“ಏನ್ ಮಾತಾಡಾಕತ್ತೀರಿ,” ಎಂದಳು ಸರಿತಾ ಅಡುಗೆಮನೆಯಿಂದ. “ಹಡೆದವ್ವಗ ಲೆಕ್ಕ ಒಪ್ಪಿಸ್ತಾರೇನು?”

ಅವ್ವ ಸಿಟ್ಟಾಗಲಿಲ್ಲ. ಅದರಿಂದ ನನಗೆ ಇನ್ನೂ ಗೊಂದಲವಾಯಿತು. ಸ್ವಲ್ಪ ಹೊತ್ತು ಆ ಬಿಳಿಯ ಡಬ್ಬಿಯನ್ನು ನೋಡಿದಳು. “ಬಿಡು, ಕಲ್ಲ್ಯಾ. ಇದು ನನಗ ತಿಳಿಯಂಗಿಲ್ಲ. ಅಂಗಳದಾಗ ಬಂಬ ಇಡು, ಸರಿತಾಗ ಹೊಗಿ ಬಡಿಯಂಗಿಲ್ಲ. ನಾನೇ ಹ್ಯಾಂಗರ ಬಗ್ಗಿ ಬೆಂಕಿ ಹಾಕ್ತೀನಿ.”

ಅವ್ವ ತಾನೇ ಕೊಟ್ಟಿಗೆಗೆ ಹೋದಳು. ಬರಿಯ ಗೋಣಿಚೀಲ ಹಿಡಿದುಕೊಂಡು ತಿರುಗಿ ಬಂದಳು.

“ನನ್ನ ಬಂಬ ಎಲ್ಲದ?”

“ಹೇಳ್ರಿ,” ಎಂದಳು ಸರಿತಾ. “ಇಷ್ಟೊತ್ತು ದೊಡ್ಡ ಬಾಯಿ ಇತ್ತಲ್ಲ.”

ನಾನು ಗೋಡೆಯ ಕಡೆ ಕೈ ತೋರಿಸಿದೆ. “ಅದರಾಗ ಅದ.”

ಅವ್ವ ಗೀಜರ್ ನೋಡಿದಳು, ನನ್ನನ್ನು ನೋಡಿದಳು. “ಅಷ್ಟು ದೊಡ್ಡದು ಇದರಾಗ ಹ್ಯಾಂಗ ಹಿಡಿತು?” ಎಂದಳು. ನಿಜಕ್ಕೂ ಕೇಳಿದಳು. ಆಮೇಲೆ ತಾನೇ ಅರ್ಥ ಮಾಡಿಕೊಂಡಳು.

ಗೋಣಿಚೀಲವನ್ನು ಮಡಚಿ ಕಟ್ಟೆಯ ಮೇಲಿಟ್ಟಳು. ಒಳಗೆ ಹೋಗಿ ತನ್ನ ಎರಡು ಸೀರೆ ಗಂಟು ಕಟ್ಟಿಕೊಂಡು ಬಂದಳು. ಸರಿತಾ ಗಂಟಿಗೆ ಕೈ ಹಾಕಿ, “ಅತ್ತಿ, ಚಾ ಕುಡ್ದರ ಹೋಗ್ರಿ” ಎಂದಳು. ಚಾ ಕುಡಿಯುವವರೆಗೆ ತಡೆದರೆ ತಡೆದಂತೆ ಎಂದು ಅವಳ ಲೆಕ್ಕ. ಅವ್ವ ಅವಳ ಕೈ ಮೆಲ್ಲಗೆ ಬಿಡಿಸಿ ಬಚ್ಚಲಿಗೆ ಹೋದಳು. ವಾಲ್ ತಿರುಗಿಸಿದ ಸದ್ದು, ಟಾಕಿಯಲ್ಲಿ ನೀರು ತುಂಬುವ ಸದ್ದು ಕೇಳಿಸಿತು.

“ತೆರೆದೀನಿ,” ಎಂದಳು ನನಗೆ. “ಈಗ ಹಾಕು ಸ್ವಿಚ್.”

ಮೆಟ್ಟಿಲು ಇಳಿದು, ಮೊಣಕಾಲು ಹಿಡಿದುಕೊಂಡು, ಟಂಟಂ ನಿಲ್ಲುವ ಕಡೆ ನಡೆದಳು. ಎರಡು ದಿನಕ್ಕೆ ಬರುತ್ತಾಳೆ ಎಂದೆ ನಾನು. ಮೊಹಿನುದ್ದೀನ್ ನಟ್ಟು ಬಿಚ್ಚುವ ಪಾನಾ ಚೀಲದಲ್ಲಿ ಹಾಕಿಕೊಂಡ, ಕೂಲಿ ಕೇಳಲಿಲ್ಲ. ನಾನು ಸ್ವಿಚ್ ಹಾಕಿದೆ. ನೀರು ಚೆನ್ನಾಗಿ ಕಾಯಿತು. ಮುಡಬಿಯ ಟಂಟಂಗಳು ಸಂಜೆಯವರೆಗೂ ಬರುತ್ತಲೇ ಇದ್ದವು, ಒಂದರಿಂದಲೂ ಅವ್ವ ಇಳಿಯಲಿಲ್ಲ. ಆ ಚಳಿಗಾಲ ಮುಗಿಯಿತು, ಬೇಸಿಗೆ ಬಂತು. ಅವಳು ಬಂದಿಲ್ಲ.