ಮೂರನೆಯ ಪುಟ

ಗಂಟು ಬೆರಳಿಗೆ ಬಗ್ಗಲಿಲ್ಲ. ಮಗಳು ಕುರ್ಚಿ ಹತ್ತಿ ನಿಂತು, ಗೇಟಿನ ಕಂಬಕ್ಕೆ ಬಿಗಿದಿದ್ದ ಬ್ಯಾನರಿನ ಹಗ್ಗವನ್ನು ಹಲ್ಲಿನಿಂದ ಕಚ್ಚಿ ಎಳೆಯುತ್ತಿದ್ದಳು.

"ಇಳಿಯೇ ಕೆಳಗೆ! ಅಮ್ಮ ಒಳಗೆ ಹಾಗೆ ಮಲಗಿದಾಳೆ, ನೀನಿಲ್ಲಿ ಕಂಬ ಹತ್ತಿದೀಯ. ಬಂದವರು ಏನಂದ್ಕೋಬೇಕು?" ಕುರ್ಚಿಯ ಕಾಲು ಗಟ್ಟಿಯಾಗಿ ಹಿಡಿದುಕೊಂಡೇ ಚಿಕ್ಕಮ್ಮ ಗದರಿದಳು.

"ಬಂದವರು ಏನಂದ್ಕೊಂಡಿದಾರೆ ಅಂತ ಇಲ್ಲೇ ಬರೆದಿದೆಯಲ್ಲ ಚಿಕ್ಕಮ್ಮ. ಓದ್ಕೋ."

ಕಡೆಗೂ ಗಂಟು ಸಡಿಲಾಯಿತು. ಬ್ಯಾನರಿನ ಒಂದು ತುದಿ ಕಳಚಿ ನೆಲಕ್ಕೆ ಜೋತುಬಿತ್ತು. ಮೇಲೆ ಅಮ್ಮನ ಫೋಟೊ, ಕೆಳಗೆ ದಪ್ಪ ಕೆಂಪು ಅಕ್ಷರ: 'ಕಲ್ಲೆದೆಯವಳು' ಇನ್ನಿಲ್ಲ.

ಓದುಗರ ಸಂಘದ ಕಾರ್ಯದರ್ಶಿ ಓಡೋಡಿ ಬಂದರು. "ಏನಮ್ಮಾ ಇದು? ನಾವು ಗೌರವಕ್ಕೆ ಅಂತ ಕಟ್ಟಿಸಿದ್ದು!"

"ನಿಮ್ಮ ತಾಯಿ ಹೋದಾಗ ಹೀಗೇ ಬರೆಸಿ ನಿಮ್ಮ ಗೇಟಿಗೆ ಕಟ್ಟಿದ್ರೆ ಗೌರವ ಅನಿಸ್ತಿತ್ತಾ ಸಾರ್?"

"ಅದು ಕತೆಯ ಹೆಸರಲ್ವೇನಮ್ಮ! ನಿಮ್ಮ ಮಾವ ಬರೆದಿದ್ದು, ಬಹುಮಾನ ಬಂದಿದ್ದು. ಹೆಸರು ಕೇಳಿದ್ರೆ ಸಾಕು, ಎದೆ ಝಲ್ ಅನ್ನುತ್ತೆ."

"ಹೆಸರು ಕೇಳಿದ್ರೆ ಸಾಕು. ಅದೇ ಆಗಿದ್ದು ನೋಡಿ."

ಕಾರ್ಯದರ್ಶಿ ಚಿಕ್ಕಮ್ಮನ ಕಡೆ ತಿರುಗಿ, ದುಃಖದಲ್ಲಿದ್ದಾರೆ ಪಾಪ ಎಂಬಂತೆ ಕಣ್ಣು ಸಣ್ಣ ಮಾಡಿದರು. ಗಾಡಿ ಬರುವ ಮುಂಚೆ ಎರಡು ಮಾತಾಡಬೇಕೆಂದಿದ್ದೇನೆ, ಗಂಡನ ಹೆಣದ ಮುಂದೆಯೂ ಕಣ್ಣೀರು ಹಾಕದ ಆ ಗಟ್ಟಿ ಜೀವದ ಬಗ್ಗೆ, ಎಂದರು.

ಮಗಳು ಬ್ಯಾನರನ್ನು ಸುತ್ತಿ ಕಂಕುಳಿಗೆ ಸಿಕ್ಕಿಸಿಕೊಂಡಳು. ಬದುಕಿದ್ದಷ್ಟು ದಿನ ಅಮ್ಮ ಆ ಹೆಸರು ಹೊತ್ತಳು, ಸಾಕು. ಅದನ್ನೇ ಹೊತ್ತು ಈ ಹೊಸ್ತಿಲು ದಾಟುವುದಕ್ಕೆ ತಾನು ಬಿಡುವುದಿಲ್ಲ. ಅಷ್ಟು ಮಾತ್ರ ಅವಳಿಗೆ ಬೆಳಗಿನಿಂದ ಖಚಿತವಾಗಿತ್ತು. ಹೇಗೆಂದು ಗೊತ್ತಿರಲಿಲ್ಲ.

ಒಳಗೆ ಅಮ್ಮನ ಜೊತೆ ಕೆಲಸ ಮಾಡಿದ್ದ ಆಸ್ಪತ್ರೆಯ ಲಾಂಡ್ರಿ ಹೆಂಗಸರು ಗೋಡೆಗೊರಗಿ ಕುಳಿತಿದ್ದರು.

"ಮಗಳ ಕಣ್ಣಲ್ಲೂ ಒಂದು ಹನಿ ಇಲ್ಲ ನೋಡು," ಎಂದು ಒಬ್ಬಳು ಪಿಸುಗುಟ್ಟಿದಳು.

"ಅಚ್ಚು ಅದೇ ಅಲ್ವಾ," ಎಂದಳು ಇಸ್ತ್ರಿ ಅಕ್ಕ. ನಿವೃತ್ತಿಯಾಗಿ ವರ್ಷಗಳಾದರೂ ಅವಳ ಹೆಸರು ಇಸ್ತ್ರಿ ಬಿಟ್ಟಿರಲಿಲ್ಲ. ಪಿಸುಮಾತು ಅವಳಿಗೆ ಬರುತ್ತಿರಲಿಲ್ಲ. ಯಂತ್ರಗಳ ಸದ್ದಿನ ನಡುವೆ ಬೆಳೆದ ಗಂಟಲು.

*

ಆ ಕತೆ ಅಚ್ಚಾದ ವಾರಪತ್ರಿಕೆಯನ್ನು ಲಾಂಡ್ರಿಗೆ ತಂದವಳು ಇಸ್ತ್ರಿ ಅಕ್ಕನೇ. ಒದ್ದೆ ಕೈ ಒರೆಸಿಕೊಂಡು ಎಲ್ಲರೂ ಬಗ್ಗಿ ನೋಡಿದ್ದರು. ಹೆಣದ ಪಕ್ಕ ಬೊಂಬೆಯ ಹಾಗೆ ಕೂತ ಹೆಂಗಸಿನ ಚಿತ್ರ, ಮೇಲೆ 'ಕಲ್ಲೆದೆಯವಳು'. ಬರೆದವನು ಅಮ್ಮನ ಸ್ವಂತ ತಮ್ಮ. ಇನ್ನೇನು ಬೇಕು?

"ಅಯ್ಯೋ, ಇವಳದೇ ಕತೆ ಕಣ್ರೇ! ಒಡಹುಟ್ಟಿದವನೇ ಬರೆದಿದಾನೆ ಅಂದ್ಮೇಲೆ..." ಎಂದು ಇಸ್ತ್ರಿ ಅಕ್ಕ ಪತ್ರಿಕೆ ಮಡಚಿ ಇಸ್ತ್ರಿಯ ಬಿಸಿ ಮೇಜಿನ ಕೆಳಗಿಟ್ಟಳು. ಸಂಜೆಯೊಳಗೆ ಅಮ್ಮ ಕಲ್ಲಕ್ಕ ಆದಳು.

ಬರೀ ಅಡ್ಡಹೆಸರಾಗಿದ್ದರೆ ಹಾಳಾಗಿ ಹೋಗಲಿ ಎನ್ನಬಹುದಿತ್ತು. ವಾರ್ಡಿನಲ್ಲಿ ಯಾರಾದರೂ ತೀರಿಕೊಂಡರೆ ಆ ಮಂಚದ ಹಾಸು ಹೊದಿಕೆ ತರುವ ಕೆಲಸ ಯಾರಿಗೂ ಬೇಡವಾಗಿತ್ತು. ಮೊದಲು ಸರದಿಯಿತ್ತು. ಕತೆ ಬಂದ ಮೇಲೆ ಸರದಿ ನಿಂತೇಹೋಯಿತು. "ಕಲ್ಲಕ್ಕನ್ನ ಕಳಿಸಿ, ಅವಳಿಗೇನೂ ಆಗಲ್ಲ," ಎಂದರು ಮೇಲ್ವಿಚಾರಕಿ. ಎಲ್ಲರೂ ನೆಮ್ಮದಿಯಾಗಿ ನಕ್ಕರು. ನಿವೃತ್ತಿಯ ದಿನದವರೆಗೂ ಸತ್ತವರ ಬಟ್ಟೆಯೆಲ್ಲ ಅಮ್ಮನ ಪಾಲಿಗೆ ಬಂತು. ಮಕ್ಕಳ ವಾರ್ಡಿನಿಂದ ಪುಟ್ಟ ಹೊದಿಕೆಗಳನ್ನು ತಂದ ದಿನ ಅಮ್ಮ ಮನೆಯಲ್ಲಿ ಅಡುಗೆ ಮಾಡಿ, ಮಗಳಿಗೆ ಬಡಿಸಿ, ತಾನು ಉಣ್ಣದೆ ಮಲಗುತ್ತಿದ್ದಳು.

*

ಮಾವ ಹಿಂದಿನ ಕೋಣೆಯಲ್ಲಿ ಒಬ್ಬನೇ ಕೂತಿದ್ದ. ಅತ್ತು ಅತ್ತು ಕಣ್ಣು ಊದಿದ್ದವು.

"ಮಾವ, ಕಾರ್ಯದರ್ಶಿ ಭಾಷಣ ಮಾಡ್ತಾರಂತೆ. ಅವರಿಗಿಂತ ಮುಂಚೆ ನೀನು ಮಾತಾಡು."

"ಏನಂತ ಮಾತಾಡ್ಲಿ ಪುಟ್ಟಿ?"

"ನೀನು ಬರೆದಿದ್ದನ್ನೇ. ಹೊಸದೇನೂ ಬೇಡ."

ಮಾವ ಕರವಸ್ತ್ರವನ್ನು ಮಡಚಿದ, ಬಿಚ್ಚಿದ. "ನಾನು 'ಉಸಿರು' ಅಂತಾನೇ ಹೆಸರಿಟ್ಟು ಕಳಿಸಿದ್ದೆ. ದೇವರಾಣೆ. ಈ ಹೆಸರು ನೋಡಿ ಯಾರು ನಿಂತು ಓದ್ತಾರೆ ಅಂತ ಸಂಪಾದಕರು ಬದಲಾಯಿಸಿದ್ರು. ಅಚ್ಚಾದ ಮೇಲೇ ನನಗೆ ಗೊತ್ತಾಗಿದ್ದು."

"ಸರಿ, ಅದು ಪತ್ರಿಕೆ. ಆಮೇಲೆ ಪುಸ್ತಕ ಬಂತಲ್ಲ, ಅದಕ್ಕೆ ಹೆಸರಿಟ್ಟವರು ಯಾರು?"

ಅವನು ಕರವಸ್ತ್ರವನ್ನು ಮತ್ತೆ ಮಡಚತೊಡಗಿದ.

"ಹೇಳು ಮಾವ."

"ಅಷ್ಟೊತ್ತಿಗೆ ಬಹುಮಾನ ಬಂದಿತ್ತು. ಜನ ಆ ಹೆಸರಿಂದಾನೇ ಗುರುತು ಹಿಡೀತಿದ್ರು..."

"ನಿನ್ನನ್ನ ಕತೆಗಾರ ಅಂತ ಗುರುತು ಹಿಡಿದ್ರು. ಅವಳನ್ನ?"

"ಅಕ್ಕ ಒಂದಿನಾನೂ ನನ್ನ ಏನೂ ಅನ್ಲಿಲ್ಲ."

"ಅನ್ಲಿಲ್ಲ ಅಂತ ನೋವಾಗ್ಲಿಲ್ಲ ಅಂದ್ಕೊಂಡ್ಯಾ? ಹಾಗಿದ್ರೆ ನೀನೂ ನಿನ್ನ ಕತೇನ ಓದಿಲ್ಲ ಬಿಡು."

*

ಅವಳು ಓದಿದ್ದಳು, ಹೈಸ್ಕೂಲಿನಲ್ಲಿದ್ದಾಗ, ಕಲ್ಲಕ್ಕನ ಮಗಳು ಎಂದು ಹುಡುಗಿಯರು ಛೇಡಿಸಿದ ದಿನ. ವಾಚನಾಲಯದ ಕಪಾಟಿನ ಹಿಂದೆ ನಿಂತು, ಅಮ್ಮನ ಮೇಲಿನ ಸಿಟ್ಟಿನಿಂದಲೇ ಪುಟ ತಿರುಗಿಸಿದ್ದಳು. ಎರಡು ಪುಟ ಆ ಹೆಂಗಸು ಅಳದೆ ಕೂತೇ ಇರುತ್ತಾಳೆ. ಲಿಫ್ಟ್ ರಿಪೇರಿಗೆ ಹೋದ ಗಂಡ ಕೆಳಗೆ ಬಿದ್ದು ಹೆಣವಾಗಿ ಬಂದಿದ್ದಾನೆ, ಬಂದವರೆಲ್ಲ ಅವಳ ಒಣ ಕಣ್ಣನ್ನೇ ದಿಟ್ಟಿಸುತ್ತಿದ್ದಾರೆ. ಮೂರನೆಯ ಪುಟದಲ್ಲಿ ಅವಳ ಮಡಿಲಲ್ಲಿರುವ ಮಗು ಬರುತ್ತದೆ. ಅತ್ತರೆ ಉಸಿರು ಕಟ್ಟಿ ನೀಲಿಗಟ್ಟುವ ಮಗು. ಗಂಡನನ್ನು ಒಳಗೆ ತಂದಾಗ ತಾಯಿ ಒಮ್ಮೆ ಚೀರಿದ್ದಳು. ಅದನ್ನು ಕೇಳಿ ಮಗು ಬೆಚ್ಚಿ ಅತ್ತು, ಉಸಿರೇ ನಿಂತು, ತೋಳಲ್ಲಿ ಜೋತುಬಿದ್ದಿತ್ತು. ಮುಖಕ್ಕೆ ಊದಿ ಊದಿ ಅದನ್ನು ಹಿಂದಕ್ಕೆ ಕರೆದವಳು ಮತ್ತೆ ಬಾಯಿ ತೆರೆಯಲಿಲ್ಲ.

ಆ ಮಗು ತಾನೇ.

ಅವತ್ತು ಮನೆಗೆ ಓಡಿಬಂದು ಕೇಳಿದ್ದಳು: "ಅವರಿಗೆಲ್ಲ ನೀನು ಹೇಳಬಾರದಾ ಅಮ್ಮ?"

ಅಮ್ಮ ಚಾದರದ ಎರಡು ತುದಿಗಳನ್ನು ಅವಳ ಕೈಗೆ ಕೊಟ್ಟಳು. "ಹಿಡಕೋ, ಎಳಿ. ಅಚ್ಚಾಗಿರೋದನ್ನೇ ಓದದವರು ನನ್ನ ಬಾಯಿಂದ ಕೇಳ್ತಾರಾ? ನೆಟ್ಟಗೆ ಎಳಿಯೇ, ಸುಕ್ಕಾಗುತ್ತೆ."

*

ಗಾಡಿ ಬಂದು ಬಾಗಿಲ ಮುಂದೆ ನಿಂತಿತು. ಕಾರ್ಯದರ್ಶಿ ಗಂಟಲು ಸರಿಮಾಡಿಕೊಂಡು, ಚೀಲದಿಂದ ಪುಸ್ತಕ ತೆಗೆದರು. "ಎಷ್ಟೋ ಸಭೆಗಳಲ್ಲಿ ನಾನು ಎತ್ತಿ ತೋರಿಸಿದ ಪ್ರತಿ ಇದು. ಇದನ್ನ ಆ ತಾಯಿಯ ಎದೆ ಮೇಲಿಟ್ಟು..."

ಮಗಳು ಅಡ್ಡ ಬಂದು ಕೈಚಾಚಿದಳು. ಅವರು ಕೊಟ್ಟರು. ಕತೆಯ ಮೊದಲ ಪುಟ ತೆರೆದು ಹಾಳೆ ತಿರುಗಿಸಲು ಹೋದಳು. ಅದು ಮುಂದಿನ ಹಾಳೆಯ ಜೊತೆಗೇ ಎದ್ದುಬಂತು. ಅಚ್ಚಿನ ಮನೆಯಲ್ಲಿ ಅಂಚು ಸರಿಯಾಗಿ ಕತ್ತರಿಸದೆ ಎರಡೂ ಕೂಡಿಯೇ ಉಳಿದಿದ್ದವು. ನಡುವಿನ ಪುಟಗಳನ್ನು ಯಾರ ಕಣ್ಣೂ ಕಂಡಿರಲಿಲ್ಲ.

"ಮೂರನೇ ಪುಟದಲ್ಲಿ ಏನಿದೆ ಸಾರ್?"

"ಅಂದ್ರೆ... ಒಟ್ಟಾರೆಯಾಗಿ ಹೆಣ್ಣಿನ ನಿರ್ಭಾವುಕ ಸ್ಥಿತಿಯ..."

"ಒಟ್ಟಾರೆ ಬೇಡ. ಮೂರನೇ ಪುಟ."

ಕಾರ್ಯದರ್ಶಿ ಮಾವನ ಮುಖ ನೋಡಿದರು. ಮಾವ ನೆಲ ನೋಡಿದ.

"ಇಷ್ಟು ವರ್ಷ ಇದನ್ನ ಎತ್ತಿ ತೋರಿಸಿದ್ರಿ, ಒಂದು ಸಲ ಬಿಡಿಸಿ ನೋಡ್ಲಿಲ್ಲ!" ಅವಳ ದನಿ ಈಗ ಬೀದಿಗೂ ಕೇಳುತ್ತಿತ್ತು. "ಮೂರು ಪುಟ! ಬಸ್ಸಿಗೆ ಕಾಯೋ ಹೊತ್ತಲ್ಲಿ ಮುಗಿಯುತ್ತೆ. ನಿಮ್ಮಲ್ಲಿ ಒಬ್ಬರಿಗಾದ್ರೂ ಪುರುಸೊತ್ತಾಗ್ಲಿಲ್ವಾ? ಹೆಸರು ಓದಿದ್ರಿ, ಅವಳನ್ನ ಓದಿದ ಹಾಗೇ ಅಂದ್ಕೊಂಡ್ರಿ. ಓದು ಮಾವ. ಇವರೆಲ್ಲ ಕೇಳದೆ ಗಾಡಿ ಹೊರಡಲ್ಲ."

"ಲೇ, ಹೊತ್ತಾಯ್ತು ಕಣೇ..." ಎಂದಳು ಚಿಕ್ಕಮ್ಮ.

"ಆಗ್ಲಿ."

ಮಾವ ಪುಸ್ತಕ ಹಿಡಿದ. ತುಟಿ ಅಲುಗಿದವು, ಸ್ವರ ಹೊರಡಲಿಲ್ಲ. ಯಾರೋ ಕೆಮ್ಮಿದರು, ಯಾರೋ ಚಪ್ಪಲಿ ಹುಡುಕಿದರು.

"ಕೊಡಿ ಇಲ್ಲಿ," ಎಂದು ಗೋಡೆ ಹಿಡಿದು ಎದ್ದಳು ಇಸ್ತ್ರಿ ಅಕ್ಕ. "ನಾನು ಓದಿದ್ದು ನಾಲ್ಕನೇ ಕ್ಲಾಸೇ. ನಿಧಾನ ಆಗುತ್ತೆ, ಕೇಳಿಸ್ಕೊಳ್ಳಿ."

ತಲೆಯಿಂದ ಪಿನ್ನು ಕಿತ್ತು, ಕೂಡಿದ್ದ ಅಂಚಿನಲ್ಲಿ ತೂರಿಸಿ, ಮೇಲಿಂದ ಕೆಳಗೆ ಸೀಳಿದಳು. ಕನ್ನಡಕ ಏರಿಸಿ, ಒಂದೊಂದು ಪದಕ್ಕೂ ಬೆರಳಿಟ್ಟು, ಲಾಂಡ್ರಿಯ ಆ ದೊಡ್ಡ ಗಂಟಲಲ್ಲಿ ಓದತೊಡಗಿದಳು. ಎರಡನೆಯ ಪುಟ ಮುಗಿಯುವಷ್ಟರಲ್ಲಿ ಚಾಲಕ ಹಾರ್ನ್ ಬಾರಿಸಿದ. ಯಾರೂ ಕದಲಲಿಲ್ಲ. ಮೂರನೆಯದರಲ್ಲಿ ಮಗು ಬಂತು. ತಾಯಿ ಚೀರಿದಳು. ಮಗುವಿನ ತುಟಿ ನೀಲಿಯಾಯಿತು.

ಬೆರಳು ಅಲ್ಲೇ ನಿಂತಿತು. ಇಸ್ತ್ರಿ ಅಕ್ಕ ಆ ಸಾಲನ್ನು ಮತ್ತೊಮ್ಮೆ ಓದಿದಳು, ಈ ಸಲ ತನಗಷ್ಟೇ ಕೇಳುವಷ್ಟು ಮೆಲ್ಲಗೆ. ಆಮೇಲೆ ಕನ್ನಡಕದ ಮೇಲಿಂದ ತಲೆಯೆತ್ತಿ ಮಗಳನ್ನು ನೋಡಿದಳು; ಕೂದಲು ನರೆಯುತ್ತಿರುವ, ಸಿಟ್ಟಿನಿಂದ ಎದೆ ಏರಿಳಿಯುತ್ತಿರುವ ಆ ಹೆಂಗಸನ್ನು. ಪುಸ್ತಕವನ್ನು ಕಂಕುಳಲ್ಲಿ ಒತ್ತಿಹಿಡಿದು ಹತ್ತಿರ ಬಂದಳು. ಬಿಸಿ ಮೇಜಿಗೆ ಸುಟ್ಟು ಸುಟ್ಟು ಕಲೆಗಟ್ಟಿದ್ದ ಕೈಯನ್ನು ಎತ್ತಿ, ಅವಳ ಮೂಗಿನ ಕೆಳಗೆ ಉಸಿರಿಗೆ ಒಡ್ಡಿ ನಿಂತಳು.