ಹಾಡಿನ ಸಂದಿಯಲ್ಲಿ ನನ್ನ ಹೆಸರು

ಬ್ಯಾಡಗಿಯ ಒಂದು ಮದುವೆ ಮೆರವಣಿಗೆಯಲ್ಲಿ ನನ್ನ ಮಾನ ಎರಡೆರಡು ಸೆಕೆಂಡಿನಂತೆ ಹನ್ನೆರಡು ಸಲ ಹೋಯಿತು. ನಾನು ಬರೆದುಕೊಟ್ಟ ಸಿ.ಡಿ.ಯಲ್ಲಿ ಒಂದೊಂದು ಹಾಡು ಮುಗಿದ ಮೇಲೂ ಎರಡು ಸೆಕೆಂಡು ಸದ್ದೇ ಇರಲಿಲ್ಲ. ಕುಣಿಯುತ್ತಿದ್ದವರು ಎತ್ತಿದ ಕೈ ಎತ್ತಿದಂತೆಯೇ ನಿಲ್ಲುತ್ತಿದ್ದರು. ಕಟ್ಟೆಯ ಮೇಲಿದ್ದ ಹೆಂಗಸರು ಸೆರಗು ಬಾಯಿಗೊತ್ತಿಕೊಂಡು ನಗುತ್ತಿದ್ದರು. ಟೆಂಪೋದ ಮೇಲೆ ಸ್ಪೀಕರ್ ಕಟ್ಟಿಕೊಂಡು ಮದುವೆಗಳಿಗೆ ಹೋಗುವ ಕೈಸರ ಮರುದಿನ ರಾಣೆಬೆನ್ನೂರಿನ ನನ್ನ ಅಂಗಡಿಗೆ ಬಂದ.

"ಹನುಮೇಶ, ನಿನ್ನ ಸಿ.ಡಿ.ಗೆ ದಮ್ಮಿನ ಬ್ಯಾನಿ ಐತೇನು? ಹಾಡಿಗೊಮ್ಮೆ ನಿಂತು ಉಸರ ಹಾಕತೈತಿ," ಎಂದ.

ಅದು ೨೦೦೪ನೇ ಇಸವಿ. ಇಂಥ ಮಾತು ಕೇಳಿ ಸುಮ್ಮನಿರುವ ಜಾಯಮಾನ ನನ್ನದಲ್ಲ. ಹದಿನೈದು ದಿನ ಹಟ ಹಿಡಿದು ಕಲಿತೆ. ಹಾಡುಗಳನ್ನು ಬಿಡಿಬಿಡಿಯಾಗಿ ಬರೆಯದೆ, ಒಂದರ ಬಾಲಕ್ಕೆ ಇನ್ನೊಂದರ ತಲೆ ಸೇರಿಸಿ ಕಂಪ್ಯೂಟರಿನಲ್ಲಿ ಒಂದೇ ಉದ್ದನೆಯ ಹಾಡು ಮಾಡಿ, ಸಿ.ಡಿ.ಯನ್ನು ಒಂದೇ ಏಟಿಗೆ ಬರೆಯುವುದು. ಆಮೇಲೆ ಹಾವೇರಿಯಿಂದಲೂ ಜನ ಹುಡುಕಿಕೊಂಡು ಬಂದರು. 'ಗ್ಯಾಪ್ ಇಲ್ಲದ ಸಿ.ಡಿ. ಇಲ್ಲಿ ಮಾತ್ರ' ಎಂದು ಬೋರ್ಡು ಬರೆಸಿದೆ. ಬೇರೆ ಅಂಗಡಿಯವರು ನನ್ನ ಸಿ.ಡಿ. ನಕಲು ಮಾಡತೊಡಗಿದಾಗ, ಹಾಡು ಹಾಡು ಕೂಡುವ ಜಾಗದ ಮೇಲೆಲ್ಲ ನನ್ನ ದನಿ ಹಾಕಿದೆ: "ಹನುಮೇಶ ಮ್ಯೂಸಿಕ್ಸ್, ರಾಣೆಬೆನ್ನೂರು." ಕೊನೆಯ 'ನೂರು' ಬಾವಿಯಲ್ಲಿ ಕೂಗಿದ ಹಾಗೆ ಮೂರು ಸಲ ಮೊಳಗುತ್ತಿತ್ತು. ಅದನ್ನು ಕೇಳಿ ಎಲ್ಲರಿಗಿಂತ ಹೆಚ್ಚು ಹಿಗ್ಗುತ್ತಿದ್ದವನು ನಾನೇ.

ದುರ್ಗಾ ಬಂದದ್ದು ಆ ದಿನಗಳಲ್ಲಿ. ಕುಪ್ಪೇಲೂರಿನ ಅಂಗನವಾಡಿ ಟೀಚರು, ಇಪ್ಪತ್ತೈದರ ಆಸುಪಾಸು. ಹಳೇ ಸೀರೆಯ ತುಂಡಿನಲ್ಲಿ ಸುತ್ತಿದ್ದ ಕ್ಯಾಸೆಟ್ಟೊಂದನ್ನು ಬಿಚ್ಚಿ ಮೇಜಿನ ಮೇಲಿಟ್ಟಳು.

"ನಮ್ಮವ್ವ ಮೈಲವ್ವ ಹಾಡಿದ್ದರಿ. ಸೋಬಾನ ಪದ, ಬೀಸೋ ಪದ. ನಾ ಐದು ವರ್ಷದಾಕಿ ಇದ್ದಾಗ ತೀರಿಕೊಂಡ್ಲು. ನಮ್ಮ ಕಾಕಾ ಟೇಪಿನ್ಯಾಗ ತುಂಬಿ ಇಟ್ಟಿದ್ದ. ಈಗ ಟೇಪು ಎಳ್ಯಾಕತ್ತೈತಿ, ಸಿ.ಡಿ. ಮಾಡಿ ಕೊಡ್ರಿ. ಇದ್ದದ್ದು ಇದ್ದಂಗ ಇರ್ಲಿ."

"ಇದ್ದಂಗ ಯಾಕ್ರಿ, ಚಲೋ ಮಾಡೇ ಕೊಡ್ತೇನಿ," ಎಂದೆ.

ಕ್ಯಾಸೆಟ್ಟಿನ ಬೆನ್ನಿನ ಎರಡೂ ಪುಟ್ಟ ಹಲ್ಲು ಮುರಿದಿದ್ದವು. ಹಾಗೆ ಮುರಿದರೆ ಅದರ ಮೇಲೆ ಬೇರೇನೂ ತುಂಬಲು ಬರುವುದಿಲ್ಲ. ಅಳಿಸಬಾರದ ಕ್ಯಾಸೆಟ್ಟಿಗೆ ಮನೆಯವರು ಹಾಗೆ ಮಾಡುತ್ತಿದ್ದರು. ಇದು ನನಗೆ ಚೆನ್ನಾಗಿ ಗೊತ್ತಿತ್ತು.

ಕ್ಯಾಸೆಟ್ಟನ್ನು ಕಂಪ್ಯೂಟರಿಗೆ ಹಾಕಿ ಸದ್ದು ಬಂದ್ ಮಾಡಿಟ್ಟೆ. ಗಂಟೆಗಟ್ಟಲೆ ಬೀಸೋ ಪದ ಯಾರು ಕೇಳುತ್ತಾರೆ? ಪರದೆಯ ಮೇಲೆ ಹಾಡುಗಳೆಲ್ಲ ಎತ್ತರದ ಗೆರೆಗಳಾಗಿ ಕಂಡವು. ನಡುನಡುವೆ ಗಿಡ್ಡ ಗೆರೆಗಳು. ಒಂದೆರಡು ಕಡೆ ಕಿವಿಗೊಟ್ಟೆ. ಕೆಮ್ಮು, ಪಾತ್ರೆಯ ಸದ್ದು, ಯಾವುದೋ ಮಗುವಿನ ರಗಳೆ, ಹೆಂಗಸಿನ ಮಾತು. ಎಲ್ಲವನ್ನೂ ಕತ್ತರಿಸಿ ಎಸೆದು ಹಾಡಿಗೆ ಹಾಡು ಹತ್ತಿಸಿದೆ. ಅಭ್ಯಾಸಬಲದಿಂದ ಪ್ರತಿ ಹಾಡಿನ ಕೊನೆಯ ಸಾಲಿನ ಮೇಲೆ ನನ್ನ ಹೆಸರನ್ನೂ ಹೊದಿಸಿದೆ. ಸಿ.ಡಿ. ಬರೆದಾದ ಮೇಲೆ ಕಂಪ್ಯೂಟರಿನಲ್ಲಿ ಜಾಗ ಸಾಲದೆಂದು ಪೂರ್ತಿ ರೆಕಾರ್ಡಿಂಗನ್ನು ಅಳಿಸಿಬಿಟ್ಟೆ.

ಅಷ್ಟರಲ್ಲಿ ಕದರಮಂಡಲಗಿಯ ಲಕ್ಕಪ್ಪ ಬಂದ. ಅವನ ಟ್ರ್ಯಾಕ್ಟರಿನಲ್ಲಿದ್ದದ್ದು ಹಳೇ ಟೇಪು. ಎರಡೂ ಬದಿ ಕುಣಿಯುವ ಹಾಡು ಲಗೂನೆ ತುಂಬಿಕೊಡು ಅಂದ. ಖಾಲಿ ಕ್ಯಾಸೆಟ್ಟು ತೀರಿದ್ದವು. ಸಿ.ಡಿ. ಮಾಡಿಸಿದವರು ಹಳೇ ಕ್ಯಾಸೆಟ್ಟನ್ನು ಅಂಗಡಿಯಲ್ಲೇ ಬಿಟ್ಟುಹೋಗುವುದು ರೂಢಿ. ಮೈಲವ್ವನ ಕ್ಯಾಸೆಟ್ಟು ಕೈಗೆ ಸಿಕ್ಕಿತು. ಮುರಿದ ಹಲ್ಲಿನ ತೂತು ಮುಚ್ಚಿದರೆ ಮತ್ತೆ ತುಂಬಲು ಬರುತ್ತದೆ. ಅಂಟುಪಟ್ಟಿ ಹಚ್ಚಿ ಲಕ್ಕಪ್ಪನ ಹಾಡು ತುಂಬಿಕೊಟ್ಟೆ.

ಸೋಮವಾರ ದುರ್ಗಾ ಬಂದಳು. ಸಿ.ಡಿ. ಹಾಕಿದೆ. ಅವ್ವನ ದನಿ ಬರುತ್ತಿದ್ದಂತೆ ಅವಳು ಸ್ಟೂಲಿನ ತುದಿಗೆ ಕೂತು ಕಣ್ಣು ಮುಚ್ಚಿದಳು. ಹಾಡು ಮುಗಿಯಲು ಬಂದಾಗ ಮುಖದಲ್ಲಿ ಮೊದಲೇ ನಗು ತುಂಬಿಕೊಂಡಿತು. ಏನೋ ಬರುತ್ತದೆಂದು ಕಾಯುವವರ ನಗು. ನನ್ನ ದನಿ ಮೊಳಗಿತು, ಎರಡನೇ ಹಾಡು ಶುರುವಾಯಿತು. ಅವಳು ಕಣ್ಣು ತೆರೆದಳು.

"ನಡುವಿನ ಮಾತೆಲ್ಲಿ ಹೋದ್ವುರಿ?"

"ಯಾವ ಮಾತು?"

"ಅವ್ವ ನನ್ನ ಕರೀತಿದ್ಲು. 'ದುರ್ಗಿ, ಬಾಯಾಗಿನ ಮಣ್ಣು ಉಗುಳು' ಅಂತಿದ್ಲು. ಎಲ್ಲಾ ಸೇರಿ ಆರು ಸಲ ದುರ್ಗಿ ಅಂದಾಳ್ರಿ." ಇನ್ನೂ ಹಾಡುತ್ತಿದ್ದ ಸಿ.ಡಿ.ಯ ಕಡೆ ಕೈ ತೋರಿಸಿದಳು. "ಈ ಪದ ಊರಾಗ ಎಲ್ಲಾರಿಗೂ ಬರ್ತಾವು, ನನಗೂ ಬರ್ತಾವು. ನಾ ಸಿ.ಡಿ. ಮಾಡ್ಸಾಕ ಬಂದಿದ್ದೇ ಅದರ ಸಲುವಾಗಿ."

ಸುಳ್ಳು ಸರಾಗವಾಗಿ ಬಂತು. "ಕ್ಯಾಸೆಟ್ಟು ಮನ್ಯಾಗ ಐತ್ರಿ. ಗುರುವಾರ ಬರ್ರಿ, ಎಲ್ಲಾ ಸೇರ್ಸಿ ಕೊಡ್ತೇನಿ." ಅವಳ ಮುಖ ಅರಳಿತು. ನಂಬಿದಳು ಪಾಪ.

ಮರುದಿನ ಅಂಗಡಿ ಮುಚ್ಚಿ ಕದರಮಂಡಲಗಿಯ ಬಸ್ಸು ಹತ್ತಿದೆ. ಲಕ್ಕಪ್ಪನ ಟ್ರ್ಯಾಕ್ಟರಿನ ಪಕ್ಕದಲ್ಲಿ ನಿಂತು ಎರಡೂ ಬದಿ ಪೂರ್ತಿ ಕೇಳಿದೆ. ಎಲ್ಲಾದರೂ ಒಂದಿಷ್ಟು ಉಳಿದಿರಬಹುದು, ಒಂದೇ ಒಂದು 'ದುರ್ಗಿ' ಸಿಕ್ಕರೂ ಸಾಕು ಎಂಬ ಆಸೆ.

"ಭಾಳ ಚಲೋ ತುಂಬೀದಿ ಹನುಮೇಶಣ್ಣ," ಎಂದ ಲಕ್ಕಪ್ಪ. "ಒಂದ ಕಡೆ ಸುದ್ಧಾ ಗ್ಯಾಪ್ ಇಲ್ಲ."

ಬೇರೆ ಕ್ಯಾಸೆಟ್ಟು ಕೊಡುತ್ತೇನೆಂದು ಹೇಳಿ ಅದನ್ನು ಇಸಿದುಕೊಂಡು ಬಂದೆ. ಬುಧವಾರ ಮಾಡಿದ ಕೆಲಸವನ್ನು ಇಲ್ಲಿಯವರೆಗೆ ಹೆಂಡತಿಗೂ ಹೇಳಿಲ್ಲ. ಕ್ಯಾಸೆಟ್ಟಿನ ರೀಲನ್ನು ಕೈಯಾರೆ ಹೊರಗೆಳೆದು, ಗಂಟು ಹಾಕಿ, ಮೂರು ಕಡೆ ಹರಿದೆ. ಮಷೀನು ನುಂಗಿತು ಎನ್ನುವುದು ಅಂಗಡಿಯವರ ಹಳೇ ಸಬೂಬು. ಅದನ್ನು ಖರೇ ಮಾಡಲು ಎಷ್ಟು ಶ್ರಮಪಟ್ಟೆನೆಂದು ನೆನೆದರೆ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ಗುರುವಾರ ಆ ರೀಲಿನ ಮುದ್ದೆಯನ್ನು ಅವಳ ಮುಂದಿಟ್ಟು ಹೇಳಬೇಕಾದದ್ದನ್ನು ಹೇಳಿದೆ. ದುರ್ಗಾ ಮುದ್ದೆಯನ್ನು ಬೆರಳಿನಿಂದ ಮುಟ್ಟಿ ನೋಡಿದಳು. ಆಮೇಲೆ, "ಮಷೀನು ಮಾಡಿದ್ದಕ್ಕ ನೀವೇನು ಮಾಡ್ತೀರಿ, ಬಿಡ್ರಿ. ನೀವು ಮನಸ್ಸಿಗೆ ಹಚ್ಚಿಕೋಬ್ಯಾಡ್ರಿ," ಎಂದು ನನ್ನನ್ನೇ ಸಮಾಧಾನ ಮಾಡಿದಳು.

ಅದೇ ಸೀರೆಯ ತುಂಡನ್ನು ಹಾಸಿ ರೀಲನ್ನು ಹುಷಾರಾಗಿ ಎತ್ತಿಟ್ಟಳು. ಕೊನೆಗೆ ಕ್ಯಾಸೆಟ್ಟು ಕೈಗೆತ್ತಿಕೊಂಡಳು. ಬೆನ್ನ ಮೇಲೆ ಹೆಬ್ಬೆರಳು ನಿಂತಿತು. ತೂತುಗಳ ಮೇಲೆ ಹಚ್ಚಿದ್ದ ಅಂಟುಪಟ್ಟಿ ಹಾಗೇ ಇತ್ತು. ರೀಲು ಹರಿಯುವ ಭರದಲ್ಲಿ ಅದನ್ನು ಕಿತ್ತುಹಾಕಲು ಮರೆತಿದ್ದೆ.

"ಇದನ್ನ ನಮ್ಮ ಕಾಕಾ ಮುರಿದಿದ್ದರಿ," ಎಂದಳು. "ಅವ್ವ ಹೋದ ಮರುದಿನ. ಯಾರೂ ಅಳಸಬಾರದಂತ."

ಬೈಯಲಿ, ಕ್ಯಾಸೆಟ್ಟನ್ನು ಮುಖಕ್ಕೆ ಎಸೆಯಲಿ ಎಂದು ಕಾದೆ. ಅವಳು ಎರಡನ್ನೂ ಮಾಡಲಿಲ್ಲ. ಕ್ಯಾಸೆಟ್ಟನ್ನೂ ಗಂಟಿನೊಳಗಿಟ್ಟು ಬಿಗಿದು ಕಟ್ಟಿದಳು. ಆಮೇಲೆ ಸಿ.ಡಿ.ಯನ್ನು ಎತ್ತಿಕೊಂಡು, ಮೊದಲ ಸಲ ನನ್ನ ಕಣ್ಣಲ್ಲಿ ಕಣ್ಣಿಟ್ಟು ಕೇಳಿದಳು:

"ಇದರಾಗ ನಿಮ್ಮ ದನೀನಾದರೂ ತಗದು ಕೊಡ್ತೀರೇನು?"

ಹಾಡುಗಳ ನಡುವೆ ಒಂದಿಷ್ಟು ಜಾಗ ಬಿಟ್ಟಿದ್ದರೆ ತೆಗೆಯಬಹುದಿತ್ತು. ಅವಳ ಅವ್ವನ ಕೊನೆಯ ಸಾಲುಗಳೊಳಗೇ ನನ್ನ ಹೆಸರನ್ನು ಕಲಸಿಟ್ಟಿದ್ದೆ.

"ಬರೂದಿಲ್ರಿ," ಎಂದೆ.

ದುರ್ಗಾ ತಲೆಯಾಡಿಸಿದಳು. ಸಿ.ಡಿ.ಯನ್ನು ಚೀಲದಲ್ಲಿಟ್ಟುಕೊಂಡು ಕುಪ್ಪೇಲೂರಿನ ಬಸ್ಸಿಗೆ ಹೋದಳು. ಅವ್ವನ ದನಿ ಎಂದು ಅವಳ ಹತ್ತಿರ ಉಳಿದದ್ದು ಅದೊಂದೇ.