ತಿನ್ನಬಾರದ ತಟ್ಟೆ

"ತಿಂತಿದೆಯಲ್ಲೇ!" ಅಂದಳು ಸಂಶೋಧಕಿ, ಸೂಕ್ಷ್ಮದರ್ಶಕದಿಂದ ಕಣ್ಣು ಕೀಳದೆ.

"ತಿನ್ನಲಿ ಬಿಡೇ. ನೀನಂತೂ ಬೆಳಗಿಂದ ಏನೂ ತಿಂದಿಲ್ಲ," ಅಂದಳು ಪಕ್ಕದ ಮೇಜಿನ ಗೆಳತಿ. ಲ್ಯಾಬಿನವರೆಲ್ಲ ಅವಳನ್ನ ಕರೆಯೋದೇ ತರಲೆ ಅಂತ.

"ಇದು ತಿನ್ನಬಾರದ ತಟ್ಟೆ ಕಣೇ. ಮದ್ದು ಹಾಕಿದ್ದು!"

ತಟ್ಟೆಯಲ್ಲಿದ್ದವು ಮೈ ಕಾವಲು ಕಾಯೋ ಕೋಶಗಳು. ರೋಗಾಣು, ಕಸಕಡ್ಡಿ ಅಂತ ಸಿಕ್ಕಿದ್ದನ್ನ ನುಂಗೋದೇ ಕಸುಬು. ಇಲ್ಲಿ ಅವಕ್ಕೆ ರೋಗಾಣು ಬದಲು ಹೊಳೆಯೋ ಪ್ಲಾಸ್ಟಿಕ್ ಮಣಿ ಬಡಿಸುತ್ತಿದ್ದರು. ಕೋಶದೊಳಗೆ ಒಂದು ರಾಸಾಯನಿಕ ಸಂಕೇತ ಏರಿದರೆ ನುಂಗೋದು ನಿಲ್ಲುತ್ತೆ ಅನ್ನೋದು ಸಂಶೋಧಕಿಯ ಶೋಧ. ಸಂಕೇತ ಏರಿಸೋ ಮದ್ದು ಹಾಕಿದಾಗೆಲ್ಲ ಕೋಶಗಳು ತೆಪ್ಪಗೆ ಉಪವಾಸ ಕೂತಿದ್ದವು. ಅದನ್ನೇ ಹೇಳಲಿಕ್ಕೆ ಅವಳ ಗೈಡ್ ಮೇಷ್ಟ್ರು ಇವತ್ತು ವಿಜ್ಞಾನಿಗಳ ದೊಡ್ಡ ಸಭೆಗೆ ಹೋಗಿದ್ದರು. ಹೇಳಿಬಿಟ್ಟರೆ ಅವಳ ಪಿಎಚ್‌ಡಿ ಮುಗಿದಂತೆ. ಸುಳ್ಳು ಅಂತಾದರೆ ಬೇರೆ ಥರ ಮುಗಿದಂತೆ.

ಎದ್ದಳು, ಕೂತಳು, ತೊಳೆದ ಕೈಯನ್ನೇ ಮತ್ತೆ ತೊಳೆದಳು.

"ಮದ್ದು ಹಾಳಾಗಿರಬೇಕು," ಅಂದಳು ತರಲೆ.

"ಬೆಳಗ್ಗೆ ತಾನೇ ಸೀಲ್ ಒಡೆದಿದ್ದೀನಿ."

"ಮತ್ತೆ ಏನು ಬದಲಾಯ್ತು?"

ಬದಲಾಗಿದ್ದು ಸರದಿ ಮಾತ್ರ. ಯಾವತ್ತೂ ಅವಳು ಮೊದಲು ಮದ್ದು ಹಾಕದ ಸಾದಾ ತಟ್ಟೆ ನೋಡುವವಳು. ಅಷ್ಟು ಹೊತ್ತೂ ಮದ್ದಿನ ತಟ್ಟೆ ಮೇಜಿನ ಮೇಲೇ ಇರುತ್ತಿತ್ತು. ಇವತ್ತು ಗಡಿಬಿಡಿಯಲ್ಲಿ ಮದ್ದಿನದನ್ನೇ ಮೊದಲು ಎತ್ತಿಕೊಂಡಿದ್ದಳು. ಮೇಜಿನ ಮೇಲೆ ಕೈಯಿಟ್ಟು ನೋಡಿದಳು. ಕೊರೆಯುತ್ತಿತ್ತು. ನೆತ್ತಿಯ ಮೇಲೇ ಏಸಿ.

ಇಷ್ಟು ಹೊತ್ತೂ ಮೇಜಿನ ಮೇಲಿದ್ದ ಸಾದಾ ತಟ್ಟೆಯನ್ನ ಮಸೂರದಡಿ ಇಟ್ಟಳು. ಸುತ್ತ ಮಣಿಗಳ ರಾಶಿ, ಕೋಶಗಳೊಳಗೆ ಒಂದೂ ಇಲ್ಲ.

"ಮದ್ದೂ ಇಲ್ಲ, ಏನೂ ಇಲ್ಲ. ಇವಕ್ಕೆ ಬರೀ ಚಳಿ ಕಣೇ," ಅಂದಳು, ದನಿ ಸಣ್ಣಗಾಗಿ.

"ಅಯ್ಯೋ! ನಿನ್ನ ಶೋಧಕ್ಕೆ ಶೀತ ಆಗಿದೆ," ಅಂದಳು ತರಲೆ. ಗೆಳತಿಯ ಮುಖ ನೋಡಿ ನಗು ನುಂಗಿಕೊಂಡಳು.

ಫೋನ್ ರಿಂಗಾಯಿತು. ಮೇಷ್ಟ್ರು. "ಏನಮ್ಮಾ, ಇನ್ನೇನು ವೇದಿಕೆ ಹತ್ತಬೇಕು. ಹೊಸ ಫೋಟೋ ಎಲ್ಲಿ?"

ತರಲೆ ಬೆರಳು ತುಟಿಗಿಟ್ಟು, ನಾಳೆ ಹೇಳು ಅನ್ನೋ ಹಾಗೆ ತಲೆಯಾಡಿಸಿದಳು.

"ಸರ್, ಅದನ್ನ ಹೇಳಬೇಡಿ. ಅದು ಮದ್ದಿನ ಕೆಲಸ ಅಲ್ಲ, ನಮ್ಮ ಏಸಿ ಕೆಲಸ."

ಆ ಕಡೆ ಯಾರದೋ ಭಾಷಣ, ಚಪ್ಪಾಳೆ.

"ಹಾಗಾದ್ರೆ ಇಷ್ಟು ದಿನ ನೋಡಿದ್ದು?"

"ಎಲ್ಲಾ ಅದೇ ಅನ್ಸುತ್ತೆ ಸರ್."

ಮೇಷ್ಟ್ರು ಕೆಮ್ಮಿದರು. "ಸರಿ. ಹಳೇದೇನಾದ್ರೂ ಹೇಳಿ ಇಳೀತೀನಿ. ನೀನು ಮೊದಲಿಂದ ಶುರುಮಾಡು."

ತರಲೆ ಹೋಗಿ ಏಸಿ ಆರಿಸಿದಳು. ಸಂಶೋಧಕಿ ತಣ್ಣಗಿದ್ದ ತಟ್ಟೆಯನ್ನ ಎರಡೂ ಅಂಗೈ ನಡುವೆ ಹಿಡಿದುಕೊಂಡು, ಚೆಲ್ಲದ ಹಾಗೆ, ನಿಂತೇ ಇದ್ದಳು.